7,653 ಗ್ಯಾಲಕ್ಸಿಗಳ ಅನಿಲ ಅಳೆದ ಬಗೆ

ತಟಸ್ಥ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ ಹೊಮ್ಮಿಸುವ 21 ಸೆಂ.ಮೀ. ಅಲೆಯಿಂದ ಗ್ಯಾಲಕ್ಸಿಯ ಅನಿಲವನ್ನು ನೇರವಾಗಿ ಅಳೆಯಬಹುದು. ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ದೂರದ ಗ್ಯಾಲಕ್ಸಿಯ ಅಲೆ ಎಷ್ಟು ಹಿಗ್ಗಿದೆ ಎಂಬ ಅಳತೆ) 1 ಇದ್ದರೆ ಆ ಆವರ್ತನ 710 ಮೆಗಾಹರ್ಟ್ಸ್‌ಗೆ ಇಳಿದಿರುತ್ತದೆ, ಒಂಟಿ ಗ್ಯಾಲಕ್ಸಿಯ ಸಂಕೇತವಂತೂ ಗದ್ದಲದಲ್ಲಿ ಮುಳುಗಿರುತ್ತದೆ. ಹಾಗಾಗಿ ಹಲವು ಗ್ಯಾಲಕ್ಸಿಗಳ ಸಂಕೇತ ಪೇರಿಸಬೇಕು: ನಿರಂತರ ರೇಡಿಯೊ ಹೊಳಪನ್ನು ಕಳೆದು, ಪ್ರತಿಯೊಂದರ ರೋಹಿತವನ್ನೂ (ಯಾವ ಆವರ್ತನದಲ್ಲಿ ಎಷ್ಟು ಹೊಳಪು ಎಂಬ ನಕ್ಷೆ) ಅದರ ರೆಡ್‌ಶಿಫ್ಟ್‌ಗೆ ತಕ್ಕಂತೆ ಸರಿಸಿ, ಸರಾಸರಿ ತೆಗೆಯುವುದು. ಎಡವುವುದು ಇಲ್ಲೇ. ರೆಡ್‌ಶಿಫ್ಟ್ 0.001ರಷ್ಟು ತಪ್ಪಿದರೂ ರೋಹಿತದಲ್ಲಿ ಹೈಡ್ರೋಜನ್‌ನ ರೇಖೆ ಸೆಕೆಂಡಿಗೆ 150 ಕಿ.ಮೀ. ಜಾರುತ್ತದೆ; ಸರಾಸರಿಯಲ್ಲಿ ಹರಡಿ ಮಂಕಾಗುತ್ತದೆ. ಮೊಬೈಲ್ ಸಂಕೇತ ನುಗ್ಗಿದ ಆವರ್ತನ ಚಾನೆಲ್‌ಗಳನ್ನು ಮುಲಾಜಿಲ್ಲದೆ ಕೈಬಿಡಬೇಕು.

ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಿಂದ 7,653 ಗ್ಯಾಲಕ್ಸಿಗಳನ್ನು ಹೀಗೆ ಪೇರಿಸಿದ 2020ರ ಫಲಿತಾಂಶ (ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು) ನನ್ನ ಮಟ್ಟಿಗೆ ಬಹಳ ದೊಡ್ಡದು. ಸುಮಾರು 800 ಕೋಟಿ ವರ್ಷ ಹಿಂದಿನ ಆ ಗ್ಯಾಲಕ್ಸಿಗಳಲ್ಲಿದ್ದ ಪರಮಾಣು ಹೈಡ್ರೋಜನ್ ಅನಿಲ, ಹೊರಗಿನಿಂದ ಹೊಸದು ಬಂದು ಸೇರದಿದ್ದರೆ, 100–200 ಕೋಟಿ ವರ್ಷಗಳಲ್ಲೇ ನಕ್ಷತ್ರಗಳಾಗಿ ಖಾಲಿಯಾಗುತ್ತಿತ್ತು.