ಓಬರ್‌ಗುರ್ಗಲ್‌ಗೆ ಸ್ಕೀ ರಜೆ: ನಮ್ಮ ಮನೆಯ ತಯಾರಿ

ಮ್ಯೂನಿಕ್‌ಗೆ ಬಂದು ಆರು ವರ್ಷವಾದರೂ ನಮ್ಮ ಮನೆಯಲ್ಲಿ ಯಾರಿಗೂ ಸ್ಕೀ ಬಾರದು. ಚಳಿಗಾಲದ ಸೋಮವಾರಗಳಂದು ಸಹೋದ್ಯೋಗಿಗಳು ಕನ್ನಡಕದ ಜಾಗವೊಂದನ್ನು ಬಿಟ್ಟು ಉಳಿದ ಮುಖವೆಲ್ಲ ಬಿಸಿಲಿಗೆ ಕಪ್ಪಾಗಿಸಿಕೊಂಡು ಬಂದು ಇಳಿಜಾರುಗಳ ಕಥೆ ಹೇಳುವಾಗ, ನಾನು ಕಾಫಿ ಲೋಟ ಹಿಡಿದು ಕೇಳುತ್ತಾ ನಿಂತದ್ದೇ ಹೆಚ್ಚು. ಕಳೆದ ವರ್ಷ ಧೈರ್ಯ ಮಾಡಿ, ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ, ಸುಮಾರು 800 ಮೀಟರ್ ಎತ್ತರದ ಊರೊಂದರಲ್ಲಿ ಮೂರು ದಿನಕ್ಕೆ ಕೋಣೆ ಕಾದಿರಿಸಿದೆವು. ಮೂರು ದಿನವೂ ಮಳೆ ಸುರಿಯಿತು. ಯಂತ್ರಗಳಿಂದ ಸಿಂಪಡಿಸಿದ ಕೃತಕ ಹಿಮದ ಬಿಳಿಯ ಪಟ್ಟಿಯೊಂದು ಒದ್ದೆ ಹುಲ್ಲಿನ ನಡುವೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ತೀರ್ಥಹಳ್ಳಿಯ ಮಳೆಯಲ್ಲೇ ಬೆಳೆದ ನನ್ನ ಹೆಂಡತಿ, "ಮಳೆ ನೋಡುವುದಕ್ಕೆ ಇಷ್ಟು ದುಡ್ಡು ಕೊಡಬೇಕಿತ್ತೇ?" ಎಂದು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಈ ಸಲ ಹೋಟೆಲಿನ ಚಿತ್ರಗಳನ್ನು ನೋಡುವ ಮೊದಲು ಊರಿನ ಎತ್ತರವನ್ನು ನೋಡಿದೆ. ನೂರು ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು 0.65 ಡಿಗ್ರಿಯಷ್ಟು ಇಳಿಯುತ್ತದೆ ಎಂಬ ಶಾಲೆಯ ಪಾಠವನ್ನು ಹಿಡಿದು ಲೆಕ್ಕ ಹಾಕಿದರೆ, 800 ಮೀಟರಿನಲ್ಲಿ ನಾಲ್ಕು ಡಿಗ್ರಿಯ ಮಳೆಯಾಗಿ ಬೀಳುವುದು 1,900 ಮೀಟರಿನ ಆಚೆ ಮೈನಸ್ ಮೂರರ ಹಿಮವಾಗಿ ಬೀಳುತ್ತದೆ. ಹೀಗೆ ಹುಡುಕುತ್ತಾ ಬಂದು ನಿಂತದ್ದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ, ಓಟ್ಸ್‌ಟಾಲ್ ಕಣಿವೆಯ ತುದಿಯಲ್ಲಿರುವ ಓಬರ್‌ಗುರ್ಗಲ್‌ನಲ್ಲಿ. ಊರೇ 1,930 ಮೀಟರ್ ಎತ್ತರದಲ್ಲಿದೆ. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು 3,000 ಮೀಟರನ್ನು ದಾಟಿ ಹೋಗುತ್ತವೆ. ನವೆಂಬರ್ ನಡುವಿನಲ್ಲಿ ಆರಂಭವಾಗುವ ಇಲ್ಲಿನ ಹಂಗಾಮು ವಸಂತದವರೆಗೆ ನಡೆಯುತ್ತದೆ. ಸ್ವಿಸ್ ಭೌತವಿಜ್ಞಾನಿ ಆಗಸ್ಟ್ ಪಿಕಾರ್ 1931ರ ಮೇ 27ರಂದು ಬಲೂನಿನಲ್ಲಿ 15,781 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿ, ಕೊನೆಗೆ ಇಳಿದದ್ದು ಈ ಊರಿನ ಮೇಲಿರುವ ಹಿಮನದಿಯ ಮೇಲೆ ಎಂದು ಓದಿದ ಮೇಲಂತೂ ನನ್ನ ಮನಸ್ಸು ಇನ್ನೊಂದು ಊರಿನ ಕಡೆ ಹೋಗಲಿಲ್ಲ. ರಜೆಯ ಯೋಜನೆಗೆ ಇದು ಕಾರಣವಾಗಬಾರದೆಂದು ಗೊತ್ತಿದ್ದರೂ ಸರಿಯೆ.

ದಿನಾಂಕದ ವಿಷಯದಲ್ಲಿ ನಮಗೆ ಇದು ಕೊನೆಯ ಅವಕಾಶ. ಮಗಳಿಗೆ ಐದು ವರ್ಷ. ಇನ್ನೂ ಶಿಶುವಿಹಾರಕ್ಕೆ ಹೋಗುತ್ತಾಳೆ. ಶಾಲೆ ಸೇರಿದ ಮೇಲೆ ಫೆಬ್ರವರಿಯ ಫಾಶಿಂಗ್ (ಕಾರ್ನಿವಲ್ ಹಬ್ಬದ) ರಜೆಯಲ್ಲೋ ಕ್ರಿಸ್‌ಮಸ್ ರಜೆಯಲ್ಲೋ, ಅಂದರೆ ಇಡೀ ಬವೇರಿಯಾ ಹೊರಟಾಗಲೇ, ನಾವೂ ಹೊರಡಬೇಕಾಗುತ್ತದೆ. ಆದುದರಿಂದ ಜನವರಿ 6ರ ಮೂವರು ರಾಜರ ಹಬ್ಬ ಮುಗಿದ ಮರುವಾರವನ್ನೇ ಆರಿಸಿಕೊಂಡೆವು. ಆಗ ಬಾಡಿಗೆ ಇಳಿದಿರುತ್ತದೆ, ಲಿಫ್ಟಿನ ಮುಂದೆ ಸಾಲು ಕಡಿಮೆ. ಪ್ರತಿಯಾಗಿ ಹಗಲು ಚಿಕ್ಕದು, ಚಳಿ ಕಟುವಾದದ್ದು. ಹೆಚ್ಚಿನ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುವುದರಿಂದ ಆ ದಿನ ಕಣಿವೆಯ ರಸ್ತೆಗಳು ತುಂಬಿರುತ್ತವೆ. ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕೆಂಬುದು ನನ್ನ ಪಟ್ಟು, ಎಂಟಕ್ಕೆ ಸಾಕೆಂಬುದು ಹೆಂಡತಿಯದು. ಕಾರಿಗೆ ಚಳಿಗಾಲದ ಟೈರು ಮತ್ತು ಆಸ್ಟ್ರಿಯಾದ ಹೆದ್ದಾರಿಯ ವಿನ್ಯೆಟ್ (ಸುಂಕದ ಚೀಟಿ) ಸಿದ್ಧವಾಗಿವೆ.

ಸ್ಕೀ ಹಲಗೆಗಳನ್ನು ಊರಿನಲ್ಲೇ ಬಾಡಿಗೆಗೆ ಪಡೆಯುವುದೆಂದು ತೀರ್ಮಾನಿಸಿದ್ದೇವೆ. ಹಲಗೆ ಹೇಗಿದ್ದರೂ ಹೊಸಬರಿಗೆ ನಡೆಯುತ್ತದೆ, ಬೂಟು ಮಾತ್ರ ಸರಿಯಾಗಿರಬೇಕು ಎಂದು ಅನುಭವಸ್ಥರೆಲ್ಲ ಒಂದೇ ಮಾತು ಹೇಳುತ್ತಾರೆ. ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆಯಂತೆ. ತೆಳ್ಳಗಿನ, ಉದ್ದನೆಯ ಒಂದೇ ಜೊತೆ ಸಾಕು. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗನ್ನು ಅಂಗಡಿಯವರು ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಭಾಗದ ಉದ್ದ ಮತ್ತು ಅನುಭವವನ್ನು ಕೇಳಿ ಹೊಂದಿಸುತ್ತಾರೆ. ಬಿದ್ದಾಗ ಅದು ಸಕಾಲದಲ್ಲಿ ಬಿಚ್ಚಿಕೊಳ್ಳದಿದ್ದರೆ ಮಂಡಿ ತಿರುಚುತ್ತದೆ, ತೂಕ ಕಡಿಮೆ ಹೇಳಿ ಸಡಿಲವಾಗಿ ಹೊಂದಿಸಿಕೊಂಡರೆ ಬೇಡದಾಗಲೇ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ತೂಕವನ್ನು ಐದು ಕಿಲೋ ಕಡಿಮೆ ಹೇಳುವ ನನ್ನ ಹಳೆಯ ಅಭ್ಯಾಸವನ್ನು ಅಂದು ಬಿಡಲೇಬೇಕು. ಹಿಮವು ಬಿಸಿಲನ್ನು ಮೇಲಕ್ಕೆ ಪ್ರತಿಫಲಿಸುವುದರಿಂದ ಮಗಳಿಗೆ ಹೆಲ್ಮೆಟ್ಟಿನ ಜೊತೆ ಒಳ್ಳೆಯ ಕನ್ನಡಕವನ್ನೂ ಕೊಂಡಿದ್ದೇವೆ.

ಮೂವರೂ ಸ್ಕೀ ಶಾಲೆಗೆ ಸೇರುತ್ತೇವೆ. ಗೆಳೆಯರಿಂದ ಕಲಿಯುವ ಯೋಚನೆಯನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಚೆನ್ನಾಗಿ ಬಲ್ಲವರು ಹೊಸಬರ ಭಯವನ್ನು ಮರೆತಿರುತ್ತಾರೆ. ಮಕ್ಕಳನ್ನು ಮೊದಲು ಜರ್ಮನ್ನಿನಲ್ಲಿ ಮಾಯಾ ಜಮಖಾನೆಯೆಂದೇ ಕರೆಯುವ ಚಲಿಸುವ ಪಟ್ಟಿಯ ಮೇಲೆ ನಿಲ್ಲಿಸಿ ಮೇಲೆ ಕರೆದೊಯ್ಯುತ್ತಾರೆ. ಹಲಗೆಗಳ ಮುಂತುದಿ ಕೂಡಿಸಿ ಹಿಂಭಾಗ ಅಗಲಿಸಿ ವೇಗ ತಗ್ಗಿಸುವುದನ್ನು ಕಲಿಸುತ್ತಾರೆ. ಜರ್ಮನ್ನರು ಅದಕ್ಕೆ ಹಿಮದ ನೇಗಿಲು ಎನ್ನುತ್ತಾರೆ, ಮಕ್ಕಳ ಬಾಯಲ್ಲಿ ಅದು ಪಿಜ್ಜಾ ತುಂಡು. ಇಳಿಜಾರುಗಳಲ್ಲಿ ನೀಲಿ ಸುಲಭದ್ದು, ಕೆಂಪು ಮಧ್ಯಮ, ಕಪ್ಪು ಕಷ್ಟದ್ದು. ಈ ವಾರ ನಾವು ನೀಲಿ ದಾಟುವ ಪ್ರಶ್ನೆಯೇ ಇಲ್ಲ. ನಮಗಿಂತ ಕೆಳಗಿರುವವರಿಗೇ ದಾರಿಯ ಹಕ್ಕು, ಹಿಂದಿನಿಂದ ಬರುವವರೇ ಎಚ್ಚರ ವಹಿಸಬೇಕು ಎಂಬ ನಿಯಮವನ್ನು ಮಗಳಿಗೆ ಈಗಲೇ ಬಾಯಿಪಾಠ ಮಾಡಿಸಿದ್ದೇನೆ. ಪರ್ವತದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ಸಾಮಾನ್ಯ ಆರೋಗ್ಯವಿಮೆ ಅದರ ಖರ್ಚನ್ನು ಭರಿಸದೆ ಇರಬಹುದಾದ್ದರಿಂದ ಪ್ರತ್ಯೇಕ ವಿಮೆಯನ್ನೂ ಮಾಡಿಸಿದೆ.

ಉಳಿದದ್ದು ಊಟ. ಅಲ್ಲಿನ ಗುಡಿಸಲು ಹೋಟೆಲುಗಳಲ್ಲಿ ಪ್ಲಮ್ ಹಣ್ಣಿನ ಹೂರಣ ತುಂಬಿ, ಮೇಲೆ ಗಸಗಸೆ ಉದುರಿಸಿದ ಗೆರ್ಮ್‌ಕ್ನೋಡೆಲ್ ಎಂಬ ದೊಡ್ಡ ಕಡುಬು ಸಿಗುತ್ತದೆ, ಮಧ್ಯಾಹ್ನಕ್ಕೆ ಅದು ಸಾಕು. ರಾತ್ರಿ ಮಾತ್ರ ಅನ್ನ, ಸಾರು ಬೇಕೇಬೇಕು. ಅದಕ್ಕಾಗಿಯೇ ಅಡುಗೆಮನೆಯುಳ್ಳ ಮನೆ ಹಿಡಿದೆವು. ಅಷ್ಟು ಎತ್ತರದಲ್ಲಿ ನೀರು 93–94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಕುಕ್ಕರ್ ಒಯ್ಯಬೇಕು. ನಮ್ಮದು ಅಮ್ಮ ಕೊಟ್ಟ ಅಲ್ಯೂಮಿನಿಯಂ ಕುಕ್ಕರ್, ಇಂಡಕ್ಷನ್ ಒಲೆಗೆ ಒಗ್ಗದು. ಒಲೆ ಯಾವುದೆಂದು ಕೇಳಿ ಮನೆಯ ಒಡತಿಗೆ ಬರೆದಿದ್ದೆ. ನಿನ್ನೆ ಉತ್ತರ ಬಂತು: ಇಂಡಕ್ಷನ್ ಅಲ್ಲ, ಹಳೆಯ ವಿದ್ಯುತ್ ಒಲೆ. ಹೆಂಡತಿ ಆಗಲೇ ಬೇಳೆ ಅಳೆದು ಡಬ್ಬಿಗೆ ತುಂಬಿದ್ದಾಳೆ.