ನಾವೇ ಬರೆಸಿದ ರೇಟು

ನಮ್ಮೂರಲ್ಲಿ ಜಮೀನಿಗೆ ಯಾವತ್ತೂ ಎರಡು ರೇಟು. ಕೈಗೆ ಕೊಡೋದು ಒಂದು, ಪತ್ರದಲ್ಲಿ ಬರೆಸೋದು ಇನ್ನೊಂದು. ಸ್ಟಾಂಪ್ ಡ್ಯೂಟಿ ಉಳಿಯತ್ತಲ್ಲ ಅಂತ ಗೈಡೆನ್ಸ್ ವ್ಯಾಲ್ಯೂಗೆ, ಅಂದ್ರೆ ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ರೇಟಿಗೆ, ಎಷ್ಟು ಬೇಕೋ ಅಷ್ಟು ಬರೆಸಿ ಮಿಕ್ಕಿದ್ದು ಬ್ಯಾಗಲ್ಲಿ. ನಮ್ಮಪ್ಪ ತಗೊಂಡಿದ್ದೂ ಹಂಗೇ, ಮೂಲೆ ಹೊಲ ಮಾರಿದ್ದೂ ಹಂಗೇ. ಅವತ್ತು ಯಾರಿಗೂ ತಪ್ಪು ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಆಮೇಲೆ ನಮ್ಮ ಕಡೆ ಹೆದ್ದಾರಿ ಮಾಡ್ತೀವಿ ಅಂತ ಬಂತು. ಅದಕ್ಕೆ ಹೋಗೋದು ನಮ್ದು 28 ಗುಂಟೆ. ನೋಟಿಫಿಕೇಶನ್ನು ಎರಡು ಪೇಪರಲ್ಲಿ ಹಾಕ್ತಾರೆ, ಅದಾದ ಮೇಲೆ ಆಕ್ಷೇಪಣೆಗೆ 21 ದಿನ. ನಮ್ಮನೇಲಿ ಆ ಪೇಪರ್ ತರಿಸಲ್ಲ, ಟೀ ಅಂಗಡಿಯವನು ಫೋಟೋ ಹೊಡೆದು ವಾಟ್ಸಾಪಲ್ಲಿ ಹಾಕಿದಾಗ 9 ದಿನ ಹೋಗಿಬಿಟ್ಟಿತ್ತು. ಆಕ್ಷೇಪಣೆ ಕೊಟ್ವಿ, ಹಿಯರಿಂಗಿಗೂ ಹೋದ್ವಿ, ಆದ್ರೆ ರಸ್ತೆ ತಾನೇ, ಪಕ್ಕದ ಮನೆಯವರ ಹೊಲದ ಮೇಲೆ ತಿರುಗಿಸಿ ಅಂತ ಕೇಳೋಕಾಗತ್ತಾ. 3ಡಿ, ಅಂದ್ರೆ ಹೆದ್ದಾರಿ ಕಾಯ್ದೆಯ ಕೊನೆ ಘೋಷಣೆ, ಆಯ್ತು ಅಂದ್ರೆ ಹಕ್ಕು ಅವತ್ತೇ ಸರ್ಕಾರದ್ದು. ಆ ವರ್ಷ ಟೀವೀಲಿ ದೇವನಹಳ್ಳಿ ಚನ್ನರಾಯಪಟ್ಟಣದ ರೈತರನ್ನ ತೋರಿಸ್ತಿದ್ರು, 1777 ಎಕರೆ ಬಿಡಲ್ಲ ಅಂತ 1198 ದಿನ ಕೂತು 2025ರ ಜುಲೈನಲ್ಲಿ ಸರ್ಕಾರ ಕೈಬಿಡೋ ಹಂಗೆ ಮಾಡಿದ್ರು. ಅಪ್ಪ ಅದನ್ನ ನೋಡಿ, ಅವರು 13 ಹಳ್ಳಿ ಕಣೋ, ನಾವು ಉದ್ದಕ್ಕೆ ಸಾಲಾಗಿ ಹರಡ್ಕೊಂಡಿರೋರು, ಒಟ್ಟಿಗೆ ಕೂರೋಕೆ ಮರ ಎಲ್ಲಿದೆ ಅಂದ್ರು.

ಸರಿ, ದುಡ್ಡಿನ ಲೆಕ್ಕ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಅಕ್ಕಪಕ್ಕದಲ್ಲಿ ಹಿಂದಿನ 3 ವರ್ಷ ಆದ ಕ್ರಯಪತ್ರ ತೆಗೀತಾರೆ, ಜಾಸ್ತಿ ರೇಟಿನ ಅರ್ಧದಷ್ಟು ಪತ್ರ ಇಟ್ಕೊಂಡು ಸರಾಸರಿ ಹಾಕ್ತಾರೆ, ಅದೂ ಗೈಡೆನ್ಸ್ ವ್ಯಾಲ್ಯೂನೂ ಎರಡರಲ್ಲಿ ಯಾವ್ದು ದೊಡ್ಡದೋ ಅದು. ಹಳ್ಳಿ ಕಡೆ ಅದನ್ನ 1ರಿಂದ 2ರೊಳಗಿನ ಒಂದು ಅಂಕಿಯಿಂದ ಗುಣಿಸಿ, ಮರ ಬೋರು ಸೇರಿಸಿ, ಬಂದಿದ್ದರ ಮೇಲೆ ಮತ್ತೆ 100 ಪರ್ಸೆಂಟ್ ಸೊಲೇಶಿಯಂ (ನಮ್ಮ ಇಷ್ಟ ಕೇಳದೆ ತಗೊಳ್ಳೋದಕ್ಕೆ ಕೊಡೋ ಹೆಚ್ಚುವರಿ ದುಡ್ಡು). ಅಂದ್ರೆ ಎಕರೆಗೆ 10 ಲಕ್ಷ ಅಂತ ಬಂದು 2ರಿಂದ ಗುಣಿಸಿದ್ರೆ 20, ಸೊಲೇಶಿಯಂ ಸೇರಿ 40. ನಾಲ್ಕು ಪಟ್ಟು ಕೊಡ್ತಾರಂತೆ ಅಂತ ಊರೆಲ್ಲಾ ಖುಷಿ. ಆದ್ರೆ ಯಾವುದರ ನಾಲ್ಕು ಪಟ್ಟು? ನಾವು ನಾವೇ ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಹೆಬ್ಬೆಟ್ಟು ಒತ್ತಿ ಬರೆಸಿದ ಸುಳ್ಳಿನ ನಾಲ್ಕು ಪಟ್ಟು. ಸಾರ್ ಇಲ್ಲಿ ಎಕರೆ 50 ಲಕ್ಷಕ್ಕೆ ಹೋಗ್ತಿದೆ ಅಂತ ಅಪ್ಪ ಹೇಳಿದಾಗ ಆಫೀಸಲ್ಲಿದ್ದವರು ನಕ್ಕು, ಅಪ್ಪಂದೇ ಒಂದು ಕ್ರಯಪತ್ರ ತಿರುಗಿಸಿ ತೋರಿಸಿದ್ರು. ನಾನು ಅವತ್ತು ಅವರ ಮೇಲೆ ಸಿಟ್ಟಾಗೋಕೂ ಆಗಲಿಲ್ಲ.

ಆದ್ರೂ ನಮ್ಮ ಪುಣ್ಯ ಅಂತಾನೇ ಹೇಳ್ಬೇಕು, ಯಾಕಂದ್ರೆ ಹಿಂದೆ ಹೆದ್ದಾರಿಗೆ ಕೊಟ್ಟವರಿಗೆ ಸೊಲೇಶಿಯಂ ಅನ್ನೋದೇ ಇರಲಿಲ್ಲ, ಅದು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2019ರಲ್ಲಿ. ಇನ್ನು ಬಿಡಿಎಗೆ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹೋಗೋ ಜಮೀನಿಗೆ 2013ರ ಕಾಯ್ದೆನೇ ಅನ್ವಯ ಆಗಲ್ಲ ಅಂತ 2022ರಲ್ಲಿ ಅದೇ ಕೋರ್ಟು ಹೇಳಿದೆ, ಅಲ್ಲಿ 1894ರ ಹಳೇ ಕಾಯ್ದೆ ಲೆಕ್ಕ, ಸೊಲೇಶಿಯಂ 30 ಪರ್ಸೆಂಟು. ಅದೇ ಮಣ್ಣು, ಯಾವ ಇಲಾಖೆ ಕಣ್ಣು ಬಿತ್ತು ಅನ್ನೋದರ ಮೇಲೆ ರೇಟು.

ರೇಟಿಗಿಂತ ಜಾಸ್ತಿ ಸುಸ್ತು ಮಾಡಿದ್ದು ಕಾಗದ. ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು, ತಾತ ಹೋಗಿ ಇಪ್ಪತ್ತು ವರ್ಷ. ಪೌತಿ ಖಾತೆ, ಅಂದ್ರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸೋಣ ಅಂತ ಪ್ರತಿ ಯುಗಾದಿಗೂ ಮಾತಾಡೋದು, ಹೋಳಿಗೆ ತಿಂದು ಮಲ್ಕೊಳ್ಳೋದು. ಅಳತೆ ಮಾಡಿ ಹಿಸ್ಸೆ ಬೇರೆ ಮಾಡೋ ಪೋಡಿನೂ ಆಗಿರಲಿಲ್ಲ. ವಂಶವೃಕ್ಷ ಮಾಡಿಸಿದ್ರೆ ಹನ್ನೊಂದು ಜನ ಬಂದ್ರು, ಅದರಲ್ಲಿ ಶಿವಮೊಗ್ಗದ ಅತ್ತೆ ಸೈನ್ ಹಾಕಲ್ಲ ಅಂದ್ಬಿಟ್ರು. ದೊಡ್ಡಪ್ಪ ರೇಗಾಡಿದ್ರು, ಆದ್ರೆ ಅತ್ತೆ ಕೇಳಿದ್ದು ಸರಿಯಾಗೇ ಇತ್ತು, ನನ್ನ ಮದುವೇಲಿ ಕೊಟ್ಟಿದ್ದು ನಾಲ್ಕು ಬಳೆ, ಈಗ ಪಾಲು ಕೊಡ್ರೋ ಅಂತ. ತಕರಾರು ಇದೆ ಅಂದ್ರೆ ದುಡ್ಡು ಕೋರ್ಟಿಗೆ ಹೋಗಿ ಕೂರತ್ತೆ, ವಕೀಲರ ಫೀಸು ಮಾತ್ರ ನಮ್ಮನೆ ಬಾಗಿಲಿಗೆ ಬರತ್ತೆ. ಕೊನೆಗೆ ಅಮ್ಮ ಹೋಗಿ ಎರಡು ದಿನ ಅತ್ತೆ ಮನೇಲಿ ಇದ್ದು ಬಂದ್ರು, ಏನು ಮಾತಾಡಿದ್ರೋ, ಪಾಲು ಸಮ ಅಂತ ಬರೆದ ಮೇಲೆ ಸೈನ್ ಬಿತ್ತು.

ಮರ ಎಣಿಸೋಕೆ ಬಂದವರು 23 ತೆಂಗಿನ ಮರಾನ 19 ಅಂತ ಬರ್ಕೊಂಡು ಹೋಗಿದ್ರು. ಯಾರಿಗಾದ್ರೂ ಜಂಟಿ ಅಳತೆ ಇದ್ರೆ ಅವತ್ತು ಕೆಲಸಕ್ಕೆ ರಜಾ ಹಾಕಿ ಜೊತೇಲಿ ಓಡಾಡಿ, ಒಂದೊಂದು ಮರಕ್ಕೂ ಸುಣ್ಣದಲ್ಲಿ ನಂಬರ್ ಬರೀರಿ, ವಿಡಿಯೋ ಮಾಡ್ಕೊಳಿ. ನಾವು ಆಮೇಲೆ ಅರ್ಜಿ ಕೊಟ್ಟು ಇನ್ನೆರಡು ಸಲ ಕರೆಸಿ ಸರಿ ಮಾಡಿಸಿದ್ವಿ. ಅವಾರ್ಡ್ ಅಂತ ಗೊತ್ತು ಮಾಡಿದ ಪರಿಹಾರದ ದುಡ್ಡಿಗೆ ಸೈನ್ ಹಾಕುವಾಗ ಪ್ರೊಟೆಸ್ಟ್, ಅಂದ್ರೆ ರೇಟಿಗೆ ಒಪ್ಪಿಗೆ ಇಲ್ಲ, ಅಂತ ಬರೆದೇ ಹಾಕಿದ್ವಿ, ಈಗ ರೇಟಿನ ತಕರಾರು ಅದನ್ನ ತೀರ್ಮಾನ ಮಾಡೋ ಆರ್ಬಿಟ್ರೇಟರ್ ಮುಂದೆ ಇದೆ. ಜಮೀನು ಎರಡು ಹೋಳಾಗಿದ್ದಕ್ಕೂ ಪರಿಹಾರ ಕೇಳಿದೀವಿ, ಅದು ಕಾಯ್ದೇಲೇ ಇದೆ.

ಎರಡು ಹೋಳು ಅಂದ್ನಲ್ಲ, ಬೋರ್‌ವೆಲ್ ಆ ಕಡೆ ಉಳೀತು, ತೋಟ ಈ ಕಡೆ. ಹೋದ ವಾರ ಊರಿಗೆ ಹೋಗಿದ್ದೆ. ಬೆಳಗಿನ ಜಾವ ಮೂರಕ್ಕೆ ತ್ರೀ ಫೇಸ್ ಕರೆಂಟು ಬಂತು, ಅಪ್ಪ ಎದ್ದು ಟಾರ್ಚ್ ಹಿಡ್ಕೊಂಡು ಹೆದ್ದಾರಿ ಪಕ್ಕ ನಿಂತ್ರು, ಲಾರಿ ಹೋಗ್ಲಿ ಅಂತ.