ತೊಗರಿ ಕಾಂಡದ ಆಳಕ್ಕೆ: ಜಾರುವ ಕೊಳವೆ ಕೂಡಿಸಿದ್ದಾಯ್ತು

ನಮ್ಮ ಕಲಬುರಗಿ ಕಡೆ ತೊಗರಿಗೆ ನೆಟೆ ರೋಗ ಬಂದರೆ ಗಿಡ ನಿಂತಲ್ಲೇ ಒಣಗುತ್ತದೆ. ಅದನ್ನು ತರುವ ಫ್ಯುಸೇರಿಯಂ ಶಿಲೀಂಧ್ರ ನೀರು ಏರುವ ನಾಳದೊಳಗೇ ಬೆಳೆಯುತ್ತದೆ. ಅದರ ಎಳೆ ಹೇಗೆ ಹಾದುಹೋಗಿದೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಕಾಂಡದ ಸೀಳು ದಪ್ಪ ಇರಬೇಕು. ತೆಳ್ಳಗೆ ಕೊಯ್ದರೆ ಎಳೆಯೇ ತುಂಡಾಗುತ್ತದೆ.

ಆದರೆ ದಪ್ಪ ಸೀಳಿನಲ್ಲಿ ಕೆಳಕ್ಕೆ ಹೋದಂತೆ ಎಲ್ಲ ಮಬ್ಬು. ಯಾಕೆ ಅಂದರೆ, 40ಎಕ್ಸ್ ಆಬ್ಜೆಕ್ಟಿವ್ (ಸೀಳಿನ ಹತ್ತಿರ ಇರುವ ಲೆನ್ಸ್) ಮೇಲೆ 160/0.17 ಅಂತ ಬರೆದಿರುತ್ತದಲ್ಲ, ಮೈಕ್ರೋಸ್ಕೋಪಿನ ಕೊಳವೆ 160 ಮಿ.ಮೀ., ಸೀಳಿನ ಮೇಲೆ ಮುಚ್ಚುವ ತೆಳು ಗಾಜು ಅಂದರೆ ಕವರ್‌ಸ್ಲಿಪ್ 0.17 ಮಿ.ಮೀ. ಇದ್ದರೆ ಮಾತ್ರ ಆ ಲೆನ್ಸಿನ ಲೆಕ್ಕ ಸರಿ. ಸೀಳು ಇಡುವುದು ಗ್ಲಿಸರಿನ್‌ನಲ್ಲಿ; ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.47, ಗಾಜಿನದು 1.52ರ ಆಸುಪಾಸು. ಹಾಗಾಗಿ ಗ್ಲಿಸರಿನ್‌ನಲ್ಲಿ 0.1 ಮಿ.ಮೀ. ಇಳಿದರೆ ಲೆನ್ಸಿನ ಪಾಲಿಗೆ ಕವರ್‌ಸ್ಲಿಪ್ ಹೆಚ್ಚುಕಡಿಮೆ ಅಷ್ಟು ಜಾಸ್ತಿ ದಪ್ಪ ಆದಂತೆ. ಅಂಚಿನ ಕಿರಣ ಒಂದು ಕಡೆ, ನಡುವಿನ ಕಿರಣ ಇನ್ನೊಂದು ಕಡೆ ಸೇರುತ್ತದೆ.

ಗಾಜು ದಪ್ಪ ಆದರೆ ಕೊಳವೆ ಗಿಡ್ಡ ಮಾಡಬೇಕು, ತೆಳು ಆದರೆ ಉದ್ದ. ಲೇತ್ ಅಂಗಡಿಯಲ್ಲಿ ಒಂದರೊಳಗೊಂದು ಜಾರುವ ಅಲ್ಯೂಮಿನಿಯಂ ಕೊಳವೆ ಮಾಡಿಸಿ, ಒಳಗೆ ಬೆಳಕು ಮಿನುಗದಂತೆ ಕಪ್ಪು ಕಾಗದ ಅಂಟಿಸಿದೆ. ಸ್ಕ್ರೂ ಗೇಜ್ ಹಿಡಿದು 0.13 ಮಿ.ಮೀ. ಇರುವ ಕವರ್‌ಸ್ಲಿಪ್‌ಗಳನ್ನೂ ಆರಿಸಿಟ್ಟುಕೊಂಡೆ. ಗಾಜು ತೆಳು ಆದಷ್ಟು ಮೇಲಿನ ಗ್ಲಿಸರಿನ್ನಿನ ದಪ್ಪಕ್ಕೆ ಸರಿದೂಗುತ್ತದೆ. ನಿಮ್ಮ ಹತ್ತಿರ ಜಾರುವ ಕೊಳವೆ ಇಲ್ಲದಿದ್ದರೆ ಇಂಥ ತೆಳು ಕವರ್‌ಸ್ಲಿಪ್ ಒಂದನ್ನೇ ಹಾಕಿ ನೋಡಿ, ಆಳದ ಚಿತ್ರ ಸ್ವಲ್ಪವಾದರೂ ಸುಧಾರಿಸುತ್ತದೆ.

ಪರೀಕ್ಷೆಗೆ ಸ್ಲೈಡ್ ಮೇಲೆ ಪರ್ಮನೆಂಟ್ ಮಾರ್ಕರ್ ಬಳಿದು ಒಣಗಿಸಿದೆ. ಮಸಿಯಲ್ಲಿ ಉಳಿದ ಸಣ್ಣ ತೂತುಗಳು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ಫೋಕಸ್ ಸ್ವಲ್ಪ ಮೇಲೆ ಕೆಳಗೆ ಮಾಡಿದಾಗ ಎರಡೂ ಕಡೆ ಒಂದೇ ಥರ ಉಂಗುರ ಕಂಡರೆ ದೋಷ ಹೋಯ್ತು. ಒಂದು ಕಡೆ ಚೊಕ್ಕ ಉಂಗುರ, ಇನ್ನೊಂದು ಕಡೆ ಬರೀ ಮಬ್ಬು ಅಂದರೆ ಕೊಳವೆ ಇನ್ನೂ ಸರಿಸಬೇಕು.

ನಿನ್ನೆ ರಾತ್ರಿ ರೋಗ ಹತ್ತಿದ ಕಾಂಡ ಇಟ್ಟು ಕೊಳವೆ ಒಳಕ್ಕೆ ತಳ್ಳಿದೆ. ನಾಳದ ಗೋಡೆಯ ಗುಂಡಿಗಳು ಒಂದೊಂದಾಗಿ ಎಣಿಸುವಂತೆ ಎದ್ದು ಬಂದವು. ಅವುಗಳ ಮೇಲೆ ಓರೆಯಾಗಿ ಹಾದ ಒಂದು ಎಳೆ, ಅದರ ಅಡ್ಡಗೋಡೆ ಸಮೇತ! ಎಷ್ಟು ಖುಷಿಯಾಯ್ತು ಅಂದರೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಕೊಳವೆಯಿಂದ ಎಲ್ಲ ದೋಷ ಹೋಗಲ್ಲ. ಅಂಗಾಂಶ ಕಿರಣಗಳನ್ನು ಅಡ್ಡಾದಿಡ್ಡಿ ತಿರುಗಿಸಿದರೆ ಅದಕ್ಕೆ ಆಕಾರ ಬದಲಿಸುವ ಕನ್ನಡಿಯೇ ಬೇಕು. 1953ರಲ್ಲಿ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ದೂರದರ್ಶಕಕ್ಕೆ ಅಂತ ಹೇಳಿದ ಉಪಾಯ ಈಗ ಮೈಕ್ರೋಸ್ಕೋಪಿಗೂ ಬಂದಿದೆ. ಅಲ್ಲಿ ಒಂದು ದಾರಿ ಅಂದರೆ ಕನ್ನಡಿಯ ಆಕಾರ ಚೂರು ಚೂರೇ ಬದಲಿಸುತ್ತಾ, ಚಿತ್ರ ಯಾವಾಗ ಹೆಚ್ಚು ಚೆನ್ನಾಗಿ ಬರುತ್ತದೋ ಅಲ್ಲಿ ನಿಲ್ಲಿಸುವುದು. ಆ ಉಪಾಯ ನನ್ನ ಕೊಳವೆಗೂ ಹೊಂದುತ್ತದೆ. ಮುಂದಿನ ಕೆಲಸ ಅದೇ: ಮಿ.ಮೀ. ಗೆರೆ ಹಾಕಿ, ಪ್ರತಿ ಗೆರೆಗೂ ಫೋನಿನಲ್ಲಿ ಫೋಟೋ ತೆಗೆದು, ಯಾವ ಆಳಕ್ಕೆ ಕೊಳವೆ ಎಷ್ಟು ಅಂತ ಪಟ್ಟಿ ಮಾಡುವುದು.